ಕಚ್ಚಾ ರಂಗ

ಗಾಜು ತೊಳಿಯೂದು ನನ್ನ ಕೆಲಸ.
ಇಪ್ಪತ್ತೊಂಬತ್ತು ವರ್ಷ ಆತು, ಇದೇ ಸೋಲಾಪುರ,
ಕಾಲೇಜಿನ ಹಿಂದಿನ ಇದೇ ಖೋಲಿ.
ಮೊದಲು ಸಾಬೂನು, ಆಮ್ಯಾಲೆ ಆಸಿಡ್,
ಆಮ್ಯಾಲೆ ಭಟ್ಟಿ ಇಳಿಸಿದ ನೀರು.
ಒಂದು ಬೆರಳಿನ ಗುರ್ತು ಉಳದ್ರೂ ಮುಗೀತು,
ಅಲ್ಲಿ ಪದರು ಹತ್ತೂದಿಲ್ಲ.
ಜಿಡ್ಡು ಅಂದ್ರ ಗಾಜಿಗೆ ಭಾಳ ನೆನಪು.

ಪದ್ಮಜಾ ಯೆಮುಲ ಬೀಕರಿನ್ಯಾಗ
ನಾ ತೊಳದ ಗಾಜು ಓರಿ ಮಾಡಿ ನಿಲ್ಲಸ್ತಾಳ.
ಕ್ಯಾಡ್ಮಿಯಮ್ಮಿನ ಉಪ್ಪು, ಅಮೋನಿಯಾ, ಥಯೋಯೂರಿಯಾ.
ನೀರು ನೀರಿನಂಗನ ಇರತೈತಿ, ಭಾಳೊತ್ತು.
ಆಮ್ಯಾಲೆ ಯಾರೋ ದೂರದಾಗ
ನಿಂಬಿಹಣ್ಣಿನ ಹೆಸರು ತಗದಂಗ ಆಗತೈತಿ.
ಆಮ್ಯಾಲೆ ಹಳದಿ.
ಉರಿ ಜೋರು ಮಾಡಬ್ಯಾಡವ್ವಾ, ಅಂತೀನಿ.
ಅವಸರ ಮಾಡಿದ್ರ ಬಣ್ಣೆಲ್ಲ ಹುಡಿಯಾಗಿ ತಳಕ್ಕ ಕೂಡತೈತಿ,
ಗಾಜು ಬರಿ ಮೈಲೆ ಉಳೀತೈತಿ.
ನಾ ಹತ್ತನೇತ್ತ್ಯಾಗ ನಪಾಸ. ಓದಿದ್ದು ಮೂಗು:
ಘಾಟು ಜರಾ ಸಡಿಲಾದಾಗ ತಗಿ ಅಂತೀನಿ,
ತಗೀತಾಳ.
ತಲಿಗೂದಲಿನ ಸಾವಿರದಾಗ ಒಂದು ಪಾಲು ದಪ್ಪ, ಅಕಿ ಲೆಕ್ಕ.
ನನಗ ಕಾಣೂದು ಕಿಡಕಿಗೆ ಹಿಡದಾಗ
ಊರೆಲ್ಲ ಅರಿಷಿಣ ಹಚ್ಚಿಕೊಂಡಿದ್ದು.

ಅಕಿ ಇನ್ನೊಂದು ಕೆಲಸ ಕಾಗದದ ಮ್ಯಾಲಿಂದು.
ಬಿಳೇ ಕಾಗದ, ಏನೋ ಸವರಿರತಾಳ, ಕಾಣೂದಿಲ್ಲ.
ಮ್ಯಾಲ ಬೀಗದಕೈ ಇಟ್ಟು ಬಿಸಲಾಗ ಹಿಡದ್ರ
ಸುತ್ತೆಲ್ಲ ನೇರಳಿ, ನಡುವ ಬಿಳೇ ಬೀಗದಕೈ.
ಡ್ರಾವರಿನ್ಯಾಗ ಇಟ್ಟು ಚಹಾ ಕುಡದು ಬರೂದ್ರಾಗ
ಬೀಗದಕೈಯೂ ಇಲ್ಲ, ನೇರಳಿಯೂ ಇಲ್ಲ.
ಒಳಗೊಂದು ಉಂಗುರ ಇರತೈತಂತ.
ಬಿಸಲಿಗೆ ಬಿಚ್ಚಿ, ಕತ್ತಲಿಗೆ ತಾನ ಕೊಂಡಿ ಹಾಕ್ಕೋತೈತಂತ.

ಅವರಪ್ಪ ನರಸಯ್ಯ ಟಾವೆಲ್ ಕಾರಖಾನ್ಯಾಗ ರಂಗಾರಿ.
ಒಂದಿನ ಬುತ್ತಿ ತಂದ.
ಮಗಳ ಜೋಡಿ ತೆಲುಗು, ಸರ್ ಜೋಡಿ ಮರಾಠಿ,
ನನ್ನ ಜೋಡಿ ಮುರುಕು ಕನ್ನಡ.
ಮೊಳಕೈತನಕ ನೀಲಿ.
ಕಾಗದ ನೋಡಿದ, ಡ್ರಾವರ್ ನೋಡಿದ, ನನ್ನ ನೋಡಿದ.
"ನಲವತ್ತು ಸರ್ತಿ ಒಗೀರಿ, ನಂದು ಹೋಗಂಗಿಲ್ಲ.
ಇಂಥ ಕಚ್ಚಾ ರಂಗಕ್ಕ ಡಾಕ್ಟರ್ ಅಂತಾರೇನು?"
"ನಿಮ್ಮದು ಹೋದ್ರ ಹೋತು ನಾನ್ನಾ,
ಇದು ಹೋಗಿ ಬರತೈತಿ," ಅಂದಳು ಅಕಿ.
ಅವ ಡಬ್ಬಿ ಮುಚ್ಚಳ ತಿರುವಿಕೋತ ನಿಂತ, ಭಾಳೊತ್ತು.

ಒಂದು ತುಂಡು ಕೇಳಿ ಇಸಗೊಂಡು ಮನಿಗೆ ಒಯ್ದೆ.
ಕಸ್ತೂರವ್ವ ಮಾಳಿಗಿ ಮ್ಯಾಲ ಬೀಡಿ ಎಲಿ ಕತ್ತರಿಸಿಕೋತ ಕೂತಿದ್ಲು.
ಕೈ ಇಡು ಅಂದೆ. ಯಾಕ ಅನ್ನಲಿಲ್ಲ, ಇಟ್ಟಳು.
ಎತ್ತಿದಾಗ ಬಿಳೇ ಅಂಗೈ.
ಹೊಗಿಸೊಪ್ಪಿನ ಕಂದು ಇಲ್ಲ, ಉಗುರಿನ ಸೀಳಿಲ್ಲ.
"ಯಾರ ಕೈ ಇದು?" ಅಂತ ಕೇಳಿದಳು,
ಚಾಷ್ಟಿ ಅಲ್ಲ, ಖರೇನ ಕೇಳಿದಳು.

ರಾತ್ರಿ ಹೋತು. ಮರುದಿನ ಮತ್ತ ಇಟ್ಟಳು.
ಅದರ ಮರುದಿನ ನಾ ಹೇಳಬೇಕಾಗಲಿಲ್ಲ.

ಎಷ್ಟು ಸರ್ತಿ ನಡೀತೈತಿ, ಪದ್ಮಜಾನ ಕೇಳಿದೆ.
ನೂರು, ಇನ್ನೂರು.
ಒಂದೊಂದು ಸರ್ತಿಗೆ ಒಂದೀಟು ಉಂಗುರ ಮುರೀತಾವು,
ಕಾಗದ ಕೆಂಪಗ ಮಾಸತೈತಿ,
ಪುಸ್ತಕದಾಗ ಇದಕ್ಕ ದಣಿವು ಅಂತಾರ ಕಾಕಾ, ಅಂದಳು.
ಬ್ಯಾರೆ ಶಬ್ದ ಇಲ್ಲೇನು ಅಂದೆ.
ಇಲ್ಲಂತ.

ಕಸ್ತೂರವ್ವಗ ಇದನ್ನ ಹೇಳಿಲ್ಲ.
ಪೇಢೆ ಡಬ್ಬ್ಯಾಗ ಇಟ್ಟಾಳ, ಹನ್ನೊಂದಕ್ಕ ತಗೀತಾಳ,
ಸೆರಗಿಗೆ ಕೈ ಒರಸಿಕೊಂಡು ಇಡತಾಳ,
ನಿನ್ನಿ ಇಟ್ಟಲ್ಲಿ ಅಲ್ಲ,
ಒಂದು ಬೆರಳು ಆಕಡೆ.