ಹದಿನೈದನೆಯ ಮೊಳೆ

ದೋಣಿಕಟ್ಟೆಯ ಪಕ್ಕದ ಹಲಗೆಗೆ ಹದಿನಾಲ್ಕು ಮೊಳೆ.
ಒಂದೊಂದಕ್ಕೂ ಒಂದೊಂದು ಕಿತ್ತಳೆ ಬಣ್ಣದ ಲೈಫ್ ಜಾಕೆಟ್,
ಎಲ್ಲವೂ ಮಕ್ಕಳ ಅಳತೆ.
ಬಾಡಿಗೆಯಿಲ್ಲ, ಸಹಿ ಬೇಡ.
ಒಯ್ಯಿರಿ, ಒದ್ದೆಯಾದರೆ ಒಣಗಿಸಿ ತನ್ನಿ,
ಅಷ್ಟೇ ಬರೆದಿದ್ದೇನೆ, ನನ್ನ ಸೊಟ್ಟ ಅಕ್ಷರದಲ್ಲಿ.

ಪುರುವೆಸಿ ಸರೋವರದ ಈ ದಡದಲ್ಲಿ
ಮಂಜುಗಡ್ಡೆ ಒಡೆದ ವಾರವೇ ನನ್ನ ಕೆಲಸ ಶುರು.
ಮೂಸುತ್ತೇನೆ, ಹಿಂಡುತ್ತೇನೆ,
ಹೊಲಿಗೆ ಹಿಡಿದು ಜಗ್ಗುತ್ತೇನೆ,
ಕೊಕ್ಕೆ ಕಚ್ಚುತ್ತದೋ, ಸುಮ್ಮನೆ ಹಲ್ಲು ಕಿರಿಯುತ್ತದೋ ನೋಡುತ್ತೇನೆ.
ಪೀಪಿ ಊದಿದರೆ
ಆಚೆ ಜೊಂಡಿನೊಳಗಿಂದ ಮುಳುಗುಹಕ್ಕಿಯೊಂದು
ಬೈದ ಹಾಗೆ ಉತ್ತರ ಕೊಡುತ್ತದೆ.

ಕೊರಳಪಟ್ಟಿಯ ಒಳಗೆ ಹೆಸರುಗಳು.
ತೈಸ್ತೋ, ಹೊಡೆದುಹಾಕಿದೆ. ಪಿರ್ಕ್ಕೊ, ಹೊಡೆದುಹಾಕಿದೆ.
ಗಾಬರಿಯಾಗಬೇಡಿ:
ಇಲ್ಲಿ ಗೀಟು ಎಳೆದರೆ ಬೆಳೆದರು ಎಂದರ್ಥ.
ತೈಸ್ತೋ ಈಗ ಮರದ ಲಾರಿ ಓಡಿಸುತ್ತಾನೆ.
ಅವನ ಕಾಲದ ಜಾಕೆಟ್ಟನ್ನು ಕಳೆದ ವರ್ಷ ಕತ್ತರಿಸಿ ಎಸೆದೆ;
ನೀರಿಗೆ ಹಾಕಿ ಕಲ್ಲು ಕಟ್ಟಿದಾಗ
ಅದು ಕಲ್ಲಿನ ಮಾತೇ ಕೇಳಿತು.

ಜೂನ್ ಕೊನೆ. ರಾತ್ರಿಯೇ ಆಗದ ದಿನಗಳು.
ಪೇಟೆಯಿಂದ ಕಾರುಗಳು, ಕಾರಿನಿಂದ ಮಕ್ಕಳು, ಅವರ ಹಿಂದೆ ಅಪ್ಪಂದಿರು:
"ಸ್ವಲ್ಪ ದೊಡ್ಡದೇ ಇರಲಿ ಬಿಡಿ, ಬೆಳೆಯೋ ಹುಡುಗಿ."
ಬೂಟಿಗೆ ಸರಿ ಆ ಲೆಕ್ಕ. ಕೋಟಿಗೂ ಸರಿ.
ನೀರಿಗೆ ಮುಂದಿನ ವರ್ಷ ಗೊತ್ತಿಲ್ಲ.
ಅದು ಕೇಳುವುದು ಇವತ್ತಿನ ಹದಿನೈದು ಕಿಲೋವನ್ನು.

ನಾನು ವಾದಕ್ಕಿಳಿಯುವುದಿಲ್ಲ.
ಹುಡುಗಿಯ ಹೆಗಲ ಪಟ್ಟಿ ಹಿಡಿದು ಮೇಲಕ್ಕೆತ್ತುತ್ತೇನೆ:
ಜಾಕೆಟ್ಟು ಏರುತ್ತದೆ, ಹುಡುಗಿ ಕೆಳಗೇ ಉಳಿಯುತ್ತಾಳೆ,
ಗಲ್ಲ ಮಾಯ, ಬಾಯಿ ಮಾಯ, ಕಿವಿ ಮಾಯ,
ಮೂಗಿನ ಮೇಲೆ ಎರಡು ಕಣ್ಣು.
ಅಪ್ಪ ಆಮೇಲೆ ತಾನೇ ಚಿಕ್ಕದನ್ನು ಹುಡುಕುತ್ತಾನೆ,
ತೊಡೆಯ ನಡುವಿನ ಪಟ್ಟಿಯನ್ನೂ
ಹೇಳಿಸಿಕೊಳ್ಳದೆ ಬಿಗಿಯುತ್ತಾನೆ.

ಇಲ್ಮಾರಿ ಬಂದದ್ದು ಒಂದು ಗುರುವಾರ,
ಮೊಮ್ಮಗ ವೇಯಿಕ್ಕನ ಜೊತೆ, ಎರಡು ಗಾಳ, ಒಂದು ಫ್ಲಾಸ್ಕು.
ಹುಡುಗನಿಗೆ ಎಲ್ಲ ಸರಿಯಾಯಿತು. ಕೊಕ್ಕೆ ಟಕ್ಕೆಂದಿತು.
ಆದರೆ ಅವನು ಕಟ್ಟೆಯ ತುದಿಯಲ್ಲಿ ನಿಂತುಬಿಟ್ಟ.
"ನಿಂದೆಲ್ಲಿ?"
ಅಜ್ಜನದೂ ಒಂದಿತ್ತು,
ಕುಂಡೆಯ ಕೆಳಗೆ, ಚಪ್ಪಟೆಯಾಗಿ, ದಿಂಬಿನ ಕೆಲಸದಲ್ಲಿ.
"ಅರವತ್ತು ವರ್ಷದಿಂದ ಈ ನೀರಲ್ಲೇ ಇದ್ದೀನಿ, ಹತ್ತೋ."
"ನೀನು ಬಿದ್ದರೆ ನಾನು ಎತ್ತೋಕಾಗಲ್ಲ. ನೀನು ಭಾರ.
ದೋಣಿ ತಿರುಗಿಸೋಕೂ ನಂಗೆ ಬರಲ್ಲ."

ಅಷ್ಟೇ. ಅಳಲಿಲ್ಲ, ಹಟ ಮಾಡಲಿಲ್ಲ.
ಬಿಲ್ಲು ಕೂಡಿಸಿದ ಅಂಗಡಿಯವನ ಹಾಗೆ ಹೇಳಿ
ನೀರು ನೋಡುತ್ತಾ ನಿಂತ.
ದಿಂಬನ್ನು ಮುದುಕ ಹಾಕಿಕೊಂಡು ನೋಡಿದ;
ಹೊಟ್ಟೆ ಆ ದಡ, ಕೊಕ್ಕೆ ಈ ದಡ.

ನಾನು ಶೆಡ್ಡಿಗೆ ಹೋದೆ.
ಹಿಂದಿನ ಗೋಡೆಯಲ್ಲಿ ಒಂದಿತ್ತು, ನೀಲಿ,
ಮೂರು ಬೇಸಿಗೆಯಿಂದ ಅದನ್ನು ದಾಟಿ ಓಡಾಡಿದ್ದೇನೆ.
ನನ್ನ ಗಂಡನದು.
ಕೊರಳಲ್ಲಿ ಬೆಲೆಚೀಟಿ ಇನ್ನೂ ಹಾಗೇ.
ಇಲ್ಮಾರಿ ಚೀಟಿ ನೋಡಿದ, ನನ್ನನ್ನು ನೋಡಿದ.
ಏನೂ ಕೇಳದೆ ತೋಳು ತೂರಿಸಿದ.

ರಾತ್ರಿ ಹನ್ನೊಂದಕ್ಕೆ, ಬಿಸಿಲಿನಲ್ಲೇ, ಹಿಂತಿರುಗಿದರು.
ಮೂರು ಮೀನು, ಅದರಲ್ಲೊಂದು ಲೆಕ್ಕಕ್ಕಿಲ್ಲದ್ದು.
ಏನೂ ಆಗಿರಲಿಲ್ಲ.
ಏನೂ ಆಗದ್ದನ್ನು ಹುಡುಗ
ಅರ್ಧ ಗಂಟೆ ನನಗೆ ಹೇಳಿದ.

ಅವರು ಹೋದ ಮೇಲೆ ಸುತ್ತಿಗೆ ತಂದು
ಹಲಗೆಯ ತುದಿಗೆ, ಸ್ವಲ್ಪ ಎತ್ತರದಲ್ಲಿ, ಇನ್ನೊಂದು ಮೊಳೆ ಹೊಡೆದೆ.
ಮೊದಲನೆಯದು ಬಾಗಿತು. ಎರಡನೆಯದು ನಿಂತಿತು.
ಬೆಲೆಚೀಟಿಯನ್ನು ಹಲ್ಲಿನಲ್ಲೇ ಕಚ್ಚಿ ಕಿತ್ತೆ.