ಮುಂದಿನ ಮಣಿ

ಮಾಚಿಯ ಜ್ವರಕ್ಕೆ ಎಂಟು ದಿನ.
ಸಿದ್ದಾಪುರದ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಾಳೆ,
ಕಾಫಿ ಹಣ್ಣಿನ ಕಲೆ ಇನ್ನೂ ಉಗುರಲ್ಲಿ.
ಮಲೇರಿಯಾ ಅಲ್ಲ, ಟೈಫಾಯ್ಡ್ ಅಲ್ಲ,
ಬಂದ ಕಾಗದವೆಲ್ಲ ಅಲ್ಲ ಅಲ್ಲ ಎಂದವು.
ಸೊಂಟದ ದಾರ ಸರಿಸಿದಾಗ ಸಿಕ್ಕಿತು
ಬೀಡಿಯಿಂದ ಸುಟ್ಟಂಥ ಒಂದು ಕರಿ ಚುಕ್ಕೆ.
ನೋವಿಲ್ಲ, ತುರಿಕೆಯಿಲ್ಲ, ಅವಳಿಗೂ ಗೊತ್ತಿಲ್ಲ.
ತೋಟದ ಹುಲ್ಲಿನ ನುಸಿಯೊಂದು
ಉಂಡೆದ್ದು ಹೋದ ಎಲೆ ಅದು.

ಚೀಟಿಯಲ್ಲಿ ಡಾಕ್ಸಿಸೈಕ್ಲಿನ್ ಎಂದು ಬರೆಯುವಾಗ
ಪ್ರತಿ ಸಲವೂ ನನಗೆ ಅಪ್ಪನ ಮಣೆ ನೆನಪಾಗುತ್ತದೆ.

ವಿರಾಜಪೇಟೆ, ಗಡಿಯಾರ ಗೋಪುರದ ಹಿಂದಿನ ಓಣಿ.
ಮದುವೆ ಹಂಗಾಮಿನಲ್ಲಿ ಅಪ್ಪ ಜೋಮಾಲೆ ಪೋಣಿಸುತ್ತಿದ್ದ.
ಒಳಗೆ ಅರಗು, ಮೇಲೆ ಚಿನ್ನ; ಹಗುರ ಮಣಿ, ಕರಿ ನೂಲು.
ಮಣೆಯಲ್ಲಿ ಒಂದೇ ಒಂದು ಕುಳಿ.
ಮಣಿ ಬಂದು ಅದರಲ್ಲಿ ಕೂರಬೇಕು,
ಆಮೇಲೆ ನೂಲು, ಆಮೇಲೆ ಗಂಟು,
ಆಮೇಲಷ್ಟೇ ಮುಂದಿನದು.
ಆರು ವರ್ಷದ ನಾನು ಆ ಕುಳಿಗೆ ಬೆರಳಿಟ್ಟೆ.
ಅಪ್ಪ ಬೈಯಲಿಲ್ಲ.
ಚಿಮಟದ ತುದಿಯಲ್ಲಿ ಮಣಿ ಹಿಡಿದು ಕಾದ.
ನೂಲೂ ಕಾಯಿತು.
ಯಾರದೋ ಮದುವೆಯೊಂದು ನನ್ನ ಬೆರಳ ತುದಿಯಲ್ಲಿ ನಿಂತಿತ್ತು.

ಮಾತ್ರೆ ಮಾಡುವುದೂ ಅದನ್ನೇ.
ಮಾಚಿಯ ಜೀವಕೋಶದಲ್ಲಿ ಬಾಡಿಗೆ ಕೊಡದೆ ಕೂತ ಆ ಜೀವಿಗೂ
ಲೆಕ್ಕವಿಲ್ಲದಷ್ಟು ಮಣೆಗಳಿವೆ, ರೈಬೋಸೋಮು.
ಮೂಲ ಕಡತದಿಂದ ನಕಲಾಗಿ ಚೀಟಿ ಬರುತ್ತದೆ;
ಮೂರು ಮೂರು ಅಕ್ಷರ ಓದಿ,
ಹಮಾಲಿ ಹೊತ್ತು ತಂದ ಅಮೈನೋ ಆಮ್ಲ
ಒಂದರ ಹಿಂದೊಂದು ಪೋಣಿಸಿದರೆ ಪ್ರೋಟೀನಿನ ಸರ:
ಗೋಡೆಗೆ ಬೇಕಾದ್ದು, ಒಲೆಗೆ ಬೇಕಾದ್ದು,
ಪಕ್ಕದ ಕೋಣೆ ಒಡೆಯುವ ಕಳ್ಳ ಕೀಲಿ.
ಡಾಕ್ಸಿ ಹೋಗಿ, ಮಣೆಯ ಚಿಕ್ಕ ಹೋಳಿನಲ್ಲಿ,
ಸರಿಯಾಗಿ ಆ ಕುಳಿಗೆ ಬೆರಳಿಡುತ್ತದೆ.
ಹಮಾಲಿ ಬರುತ್ತಾನೆ, ತಾಗುತ್ತಾನೆ, ಜಾರುತ್ತಾನೆ,
ಹೊರೆ ಸಮೇತ ವಾಪಸ್ಸು.
ಸರ ಅರ್ಧಕ್ಕೇ ನೇತಾಡುತ್ತಿರುತ್ತದೆ.

(ಸ್ಟ್ರೆಪ್ಟೋಮೈಸಿನ್ ಆದರೆ ಚೀಟಿಯನ್ನೇ ತಪ್ಪು ಓದಿಸುತ್ತದೆ,
ಅಜಿತ್ರೋಮೈಸಿನ್ ಸರ ಹೊರಬೀಳುವ ಕಿಂಡಿಗೆ ಬಿರಡೆ.
ನನಗೆ ಬೆರಳೇ ಇಷ್ಟ.)

ನಮ್ಮ ಮಣೆಯ ಕೆತ್ತನೆ ಬೇರೆ, ಬೆರಳು ಹೊಂದುವುದಿಲ್ಲ.
ಹೆಚ್ಚೂಕಡಿಮೆ.
ಎಂದೋ ಬಂದು ಇಲ್ಲೇ ಉಳಿದ ನೆಂಟನೊಬ್ಬ ನಮ್ಮೊಳಗಿದ್ದಾನೆ,
ಮೈಟೋಕಾಂಡ್ರಿಯ, ಉಸಿರು ಬಳಸಿ ಒಲೆ ಉರಿಸುವವನು.
ಅವನ ಮಣೆ ಇವತ್ತಿಗೂ ತವರಿನದೇ;
ಅವನಿಗೂ ತುಸು ತಾಗೀತು.
ಇದನ್ನು ಮಾಚಿಗೆ ಹೇಳಲಿಲ್ಲ.

ಹೇಳಿದ್ದು: ಉಂಡ ಮೇಲೆ ನುಂಗು, ತುಂಬ ನೀರು ಕುಡಿ,
ನುಂಗಿದ ಕೂಡಲೆ ಮಲಗಬೇಡ, ಹಾಲಿನ ಜೊತೆ ಬೇಡವೇ ಬೇಡ.
"ಹಾಲು ಯಾರ ಮನೇಲಿ ಡಾಕ್ಟ್ರವ್ವಾ,
ಲೈನಲ್ಲಿ ನಮ್ದೆಲ್ಲ ಬೆಲ್ಲದ ಕರಿ ಕಾಪಿ."

ಈ ಮಾತ್ರೆಯ ಅಜ್ಜಿ ಮಣ್ಣಿನವಳು.
ಮಾರ್ಚಿಯಲ್ಲಿ ಹೂಮಳೆಯ ಮೊದಲ ಹನಿಗೆ
ತೋಟವಿಡೀ ಏಳುತ್ತದಲ್ಲ ಒಂದು ವಾಸನೆ,
ಅದನ್ನು ಕಟ್ಟಿಡುವ ಸೂಕ್ಷ್ಮಾಣುಗಳ ಕುಲದವಳೇ.
ನೆರೆಯವರನ್ನು ದೂರವಿಡಲು ಅವಳು ಕಲಿತ ವಿದ್ಯೆ
ನಮ್ಮ ಕೈಗೆ ಹಳದಿ ಪುಡಿಯಾಗಿ ಬಂತು.

ಐದನೆಯ ದಿನ ಮಾಚಿ ನಡೆದೇ ಬಂದಳು.
ಪಟ್ಟಿಯಲ್ಲಿ ಉಳಿದ ಮಾತ್ರೆ ನಾಲ್ಕು, ಲೆಕ್ಕ ಸರಿಯಿತ್ತು.
"ಹುಳ ಸತ್ತೋಯ್ತಾ?"
ಸಾಯಲಿಲ್ಲ ಮಾಚಿ, ಕೆಲಸ ನಿಂತು ಕೈಕಟ್ಟಿ ಕೂತಿತ್ತು.
ಹಿಡಿದು ಮುಗಿಸಿದ್ದು ನಿನ್ನ ರಕ್ತವೇ.

ಅವಳು ಸ್ವಲ್ಪ ಹೊತ್ತು ತನ್ನ ಕೈ ನೋಡಿಕೊಂಡಳು.
"ಹಂಗಾದ್ರೆ ಅಷ್ಟೂ ದಿನ ನಾನು ಕೆಲಸದಲ್ಲೇ ಇದ್ದೆ ಅಲ್ವಾ?
ಮೇಸ್ತ್ರಿ ಪುಸ್ತಕದಲ್ಲಿ ರಜೆ ಅಂತ ಬರ್ದಿದ್ದಾರೆ."