ಜಾಮೀನು

ಕಾಸ್ತೆಲ್ಫಿದಾರ್ದೊ ಗುಡ್ಡದ ಮೇಲೆ, ಔಷಧಿ ಅಂಗಡಿಯ ಹಿಂದಿನ ಓಣಿಯಲ್ಲಿ
ನನ್ನ ಸೋದರಮಾವ ಎಜಿಡಿಯೊ
ಅಕಾರ್ಡಿಯನ್ನಿನ ಹೊಟ್ಟೆ ಬಿಚ್ಚಿ ಕೂತಿರುತ್ತಾನೆ.
ಜೇನುಮೇಣ, ಆಡಿನ ಚರ್ಮ, ಉಗುರಿನಷ್ಟಗಲದ ಉಕ್ಕಿನ ನಾಲಗೆಗಳು.
ಉಸಿರು ಎಲ್ಲಿ ಸೋರುತ್ತಿದೆಯೆಂದು
ಕೆನ್ನೆಯಿಟ್ಟು ಹುಡುಕುತ್ತಾನೆ.

ನಾನು ಅಂಕೋನಾದಲ್ಲಿ, ಜನ ಏನನ್ನೋ ಹುಡುಕಿದಾಗ
ಯಾರು ಮೊದಲು ಕಾಣಬೇಕೆಂಬ ಲೆಕ್ಕ ನೋಡುವವಳು.
‘ಆ ಯಂತ್ರ ಯಾರ ಮಾತು ಕೇಳುತ್ತೆ?’ ಅಂದ ಒಮ್ಮೆ, ಮೇಣ ಕಾಯಿಸುತ್ತ.
ನಿನ್ನ ಮಾತಲ್ಲ ಮಾಮ,
ನಿನ್ನ ಬಗ್ಗೆ ಬೇರೆಯವರ ಮಾತು.
‘ಹಾಗಾದರೆ ಥೇಟ್ ನಮ್ಮೂರೇ.’

ಹೌದು, ಊರೇ.
ಪಟ್ಟಿ ಮಾರುವ ಗ್ವೆರ್ರಿನೊ ಇವನ ಹೆಸರು ಬರೆದ, ಇವನು ಅವನದು ಬರೆದ;
ನೀ ನನಗಾದರೆ ನಾ ನಿನಗೆ.
ಯಂತ್ರ ನಕ್ಕು ಅರ್ಧ ಅಂಕ ಕೊಟ್ಟಿತು.
ಜಿಲ್ಲೆಯ ಪತ್ರಿಕೆ ಚಿತ್ರಸಮೇತ ಹೊಗಳಿ, ಕೊಂಡಿಯ ಸೆರಗಿನಲ್ಲಿ
ಕಣ್ಣಿಗೆ ಕಾಣದ ಒಂದು ಗುರುತು ಹೊಲಿದಿತ್ತು:
ಈತನನ್ನು ಬಲ್ಲೆವು, ಜಾಮೀನು ಮಾತ್ರ ನಿಲ್ಲೆವು.
ಆದರೂ ಅದೇ ದಾರಿ ಹಿಡಿದು ತ್ರಿಯೆಸ್ತೆಯಿಂದ ಇಬ್ಬರು ಬಂದರು,
ಅಜ್ಜನ ಮದುವೆಯಲ್ಲಿ ನುಡಿಸಿದ್ದ ಪೆಟ್ಟಿಗೆ ಹೊತ್ತು.
ಲೆಕ್ಕಕ್ಕೆ ಸಿಗದ್ದೂ ಬಾಗಿಲು ತಟ್ಟುತ್ತದೆ.

ಆಮೇಲೆ ಅವನ ಮಗ ಒರೆಸ್ತೆ, ಆತುರಗಾರ,
ನಲವತ್ತು ಯೂರೋಗೆ ಮೂರು ಸಾವಿರ ಕೊಂಡಿ ಕೊಂಡ.
ಜೂಜಿನ ಅಡ್ಡೆ, ತೂಕ ಇಳಿಸುವ ಮಾತ್ರೆ, ಯಾರೂ ವಾಸವಿಲ್ಲದ ಪುಟಗಳು;
ಮೂರು ಸಾವಿರ ಬಾಯಿ, ಒಂದೇ ಕೂಗು:
‘ಅಗ್ಗದ ಅಕಾರ್ಡಿಯನ್ ರಿಪೇರಿ’.
ಬಾಡಿಗೆಗೆ ಅಳುವವರೆಲ್ಲ ಒಂದೇ ರಾಗದಲ್ಲಿ ಅತ್ತರೆ
ಸತ್ತವನಿಗೇ ಸಂಶಯ.
ಹನ್ನೊಂದು ದಿನ ಮೇಲೇರಿದ ಮಾಮ. ಹನ್ನೆರಡನೆಯ ದಿನ
ಯಾವ ಪುಟದಲ್ಲೂ ಇಲ್ಲ.

ಮೂರು ರಾತ್ರಿ ಕೂತು ಪಟ್ಟಿ ಬರೆದೆ:
ಇವರು ನಮ್ಮವರಲ್ಲ. ಇವರು ನಮ್ಮವರಲ್ಲ. ಇವರೂ.

ಗುಡಿಸಿದ ಮೇಲೆ ಉಳಿದದ್ದು ಒಂದು ಹಿಡಿಯಷ್ಟು,
ಅದರಲ್ಲೊಂದು ಫಿನ್‌ಲೆಂಡಿನ ಇಸಲ್ಮಿಯಿಂದ.
ಹೆಲ್ವಿ, ಶಾಲೆಯ ಸಂಗೀತದ ಟೀಚರು,
ನಿವೃತ್ತಿಯ ನಂತರ ಒಡೆದ ವಾದ್ಯಗಳ ಬಗ್ಗೆ ಬರೆಯುತ್ತಿದ್ದಳು.
ದೇಶದ ಅರ್ಧ ಶಾಲೆಗಳು ಅವಳತ್ತ ಬೆರಳು ತೋರುತ್ತಿದ್ದವು.
‘ನಡು ಚಳಿಗಾಲದಲ್ಲಿ ನಾಲಗೆ ಮುರಿಯಿತು.
ಈತ ಲಕೋಟೆಯಲ್ಲಿ ಹೊಸದು ಕಳಿಸಿದ, ದುಡ್ಡು ಬೇಡವೆಂದ.’
‘ಈತ’ ಎಂಬ ಎರಡಕ್ಷರ ನೀಲಿ, ಕೆಳಗೆ ಗೆರೆ.
ಹೆಸರಿಲ್ಲ, ಊರಿಲ್ಲ, ಅಗ್ಗವೆಂಬ ಮಾತಿಲ್ಲ.
ಹತ್ತು ಕಟ್ಟುವ ಕಡೆ ಒಂದು ಮುತ್ತು.
ಏಪ್ರಿಲ್ ಹೊತ್ತಿಗೆ ಮಾಮ ಮೊದಲ ಪುಟದಲ್ಲಿದ್ದ, ನಾಲ್ಕನೆಯವನಾಗಿ.
ಅವಳೊಬ್ಬಳಿಂದಲೇ ಎನ್ನಲಾರೆ; ಯಂತ್ರ ಕಾರಣ ಹೇಳುವುದಿಲ್ಲ.

ಎರಡು ವರ್ಷ ಕಳೆದು ಏಳನೆಯ ಸ್ಥಾನಕ್ಕೆ ಜಾರಿದ.
ಹುಡುಕಿದೆ. ಇಸಲ್ಮಿಯ ಕೊಂಡಿ ಒತ್ತಿದರೆ
‘ಪುಟ ಸಿಗಲಿಲ್ಲ.’
ಯಾರೋ ಬಾಡಿಗೆ ಕಟ್ಟುವುದನ್ನು ನಿಲ್ಲಿಸಿದ್ದರು. ಕಟ್ಟುವವಳೇ ಇರಲಿಲ್ಲ.

ಬೇರೆ ಯಾರನ್ನಾದರೂ ಕೇಳೋಣ ಅಂದೆ.
ಮಾಮ ತಿದಿ ಎಳೆದ, ಸ್ವರ ಒತ್ತದೆ; ಬರೀ ಗಾಳಿ.
‘ನಮ್ಮ ಪುಟದಿಂದ ಅವಳ ಪುಟಕ್ಕೊಂದು ಹಾಕು.’
ಅಲ್ಲೇನೂ ಇಲ್ಲ ಮಾಮ. ಸತ್ತ ಕೊಂಡಿ. ನಮಗೇನೂ ಬರೋದಿಲ್ಲ.
‘ಬರಲಿ ಅಂತ ಯಾರು ಹೇಳಿದರು?’

ಯಾವ ಪದದ ಮೇಲೆ ಹಾಕಲಿ?

ಮೇಣದ ಬೆರಳು ಅಂಗಿಗೆ ಒರೆಸಿಕೊಂಡು ಬಹಳ ಹೊತ್ತು ಸುಮ್ಮನಿದ್ದ.
‘ಈಕೆ.’

ಹಾಕಿದೆ. ನೀಲಿಯಾಯಿತು.